ಬೋರಲಿಂಗ ಸ್ಪೀಕರು ತಂದದ್ದು

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮೂರ ಗುಡಿಯಲ್ಲಿ ದೀಪ ನೋಡಿಕೊಳ್ಳುತ್ತಿದ್ದ ಗವಿಯಪ್ಪನವರು. ಬತ್ತಿ ಹೊಸೆಯುತ್ತಾ ಹೇಳುವರು; ಬತ್ತಿ ಮುಗಿದರೂ ಕತೆ ಮುಗಿಯುತ್ತಿರಲಿಲ್ಲ. ಹೆಚ್ಚುಕಡಿಮೆ ಇದ್ದರೆ ಶಿವ ಮನ್ನಿಸಲಿ.

ಒಂದೂರಲ್ಲಿ ಕೆಂಪಾಜಮ್ಮ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೆಂಪಾಜಮ್ಮನ ತೀರಿಕೊಂಡ ಗಂಡ ತತ್ವಪದ ಹಾಡುತ್ತಿದ್ದ. ಅವನ ದನಿ ಉಳಿದಿದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಮನೆಯ ಟೇಪು ಓಡುತ್ತಿತ್ತು, ಸ್ಪೀಕರನ್ನು ಮಾತ್ರ ಇಲಿ ಕಡಿದಿತ್ತು. ಬರುವ ಸೋಮವಾರ ಗಂಡನಿಗೆ ಎಡೆ ಇಡುವ ದಿನ. ಅವತ್ತು ಒಂದು ಸಲ ಆ ದನಿ ಕೇಳಬೇಕು ಅಂತ ಅವಳ ಜೀವ ಬಡಕೊಳ್ಳುತ್ತಿತ್ತು. ಮಂಡಿನೋವು, ಪೇಟೆಗೆ ನಡೆಯಲಾರಳು. ತುಪ್ಪ ಮಾರಿ ಕೂಡಿಟ್ಟ ಎಂಟುನೂರು ರೂಪಾಯಿಯನ್ನು ಮಗನ ಸೊಂಟಕ್ಕೆ ಕಟ್ಟಿದಳು.

"ಕಂದಾ, ಹಗುರದ್ದು ತರಬೇಡ. ಒಳ್ಳೇ ಮಾಲು ಭಾರ ಇರ್ತದೆ. ಇಷ್ಟು ದುಡ್ಡಿಗೆ ಯಾವುದು ಹೆಚ್ಚು ಭಾರವೋ ಅದನ್ನೇ ತಾ."

"ಭಾರದ್ದು, ಭಾರದ್ದು" ಅಂದುಕೊಂಡೇ ಹೋದ. ದಸ್ತಗೀರ್ ಸಾಬರ ಅಂಗಡಿಯಲ್ಲಿ ಹೈಫೈ ಸ್ಪೀಕರೂ ಇದ್ದವು, ಮಿಕ್ಸಿ ಗ್ರೈಂಡರೂ ಇದ್ದವು. ಒಂದೊಂದನ್ನೂ ಎತ್ತಿ ನೋಡಿದ. ಸಂಜೆಗೆ ಗ್ರೈಂಡರಿನ ಕಲ್ಲು ಹೊತ್ತು ಬಂದ!

"ಇದು ಹಾಡ್ತದೇನೋ, ಮುಂಡೇದೆ?"

"ಭಾರ ಇದೆ, ಅವ್ವಾ!"

"ಅಯ್ಯೋ ಮಂಕೇ! ಪೆಟ್ಟಿಗೆಗೆ ಕಿವಿ ಇಟ್ಟು ಕೇಳಬೇಕು. ಯಾವುದು ಕರಕರ ಅನ್ನಲ್ವೋ ಅದನ್ನ ತರಬೇಕು!"

"ಹಂಗೇ ಆಗ್ಲಿ, ಅವ್ವಾ."

ಮಾರನೇ ದಿನ ಕಲ್ಲು ಹಿಂದಿರುಗಿಸಿ ಪೆಟ್ಟಿಗೆ ಪೆಟ್ಟಿಗೆಗೂ ಕಿವಿಯಿಟ್ಟ. ಒಂದು ಕರಕರ ಅಂದಿತು, ಇನ್ನೊಂದು ಗುಂಯ್ ಅಂದಿತು. ಮೂಲೆಯಲ್ಲಿ ಬರೀ ಮರದ ಒಂದು ಪೆಟ್ಟಿಗೆ, ಒಳಗೆ ಖಾಲಿ. ಅದಕ್ಕೂ ಕಿವಿಯಿಟ್ಟ. ಆಹಾ! ಬಾವಿಗೆ ಬಗ್ಗಿದ ಹಾಗೆ ತಂಪು. ಎಲ್ಲೋ ದೂರದಲ್ಲಿ ಗಾಳಿ ಬರಿಗಾಲಲ್ಲಿ ನಡೆದ ಹಾಗೆ. ಕೇಳುತ್ತಾ ಕೇಳುತ್ತಾ ನಿದ್ದೆಯೇ ಹೋದ. ಎದ್ದವನು ಅದನ್ನೇ ಹೊತ್ತು ತಂದ.

"ಒಳಗೆ ಏನೂ ಇಲ್ವಲ್ಲೋ!"

"ಕರಕರ ಅನ್ನಲ್ಲ, ಅವ್ವಾ! ಅರ್ಧ ದುಡ್ಡೂ ಉಳೀತು!"

"ನನ್ನ ಹೊಟ್ಟೇಲಿ ಯಾಕೆ ಹುಟ್ಟಿದೆಯೋ! ನಿಮ್ಮಪ್ಪನ ಕ್ಯಾಸೆಟ್ ತಗೊಂಡು ಹೋಗು. ಜೋಡಿ ಸ್ಪೀಕರಿಗೆ ಹಾಕಿಸಿ ಕೇಳು. ಹಾಡು ಇಂಪಾಗಿ ಬಂದರೆ ದುಡ್ಡು ಕೊಟ್ಟು ಮನೆಗೆ ಬಾ!"

ಹೋದ. ಖಾಲಿ ಪೆಟ್ಟಿಗೆ ಕೊಟ್ಟು ಹಣ ಪಡೆದ. ಸಾಬರು ಎಂಟುನೂರರ ಜೋಡಿಗೆ ಕ್ಯಾಸೆಟ್ ಹಾಕಿದರು. ಅಪ್ಪನ ದನಿ ಎದ್ದಿತು. ಸಾಬರ ಚಹಾ ಕೈಯಲ್ಲೇ ಆರಿತು. ಬೋರಲಿಂಗನಿಗೆ ಅಂಗಡಿಯೇ ಕಾಣಲಿಲ್ಲ. ಅಪ್ಪನ ಹೆಗಲ ಮೇಲೆ ಕೂತು ಕೆರೆ ಏರಿಯ ಮೇಲೆ ಹೋಗುತ್ತಿದ್ದ, ನೀರಿನೊಳಗೂ ಒಬ್ಬ ಅಪ್ಪ ನಡೆಯುತ್ತಿದ್ದ. ಹಾಡು ಮುಗಿಯಿತು. ಇಂಪಾಗಿತ್ತು. ದುಡ್ಡು ಕೊಟ್ಟ. ಮನೆಗೆ ಬಂದ. ಬರಿಗೈಯಲ್ಲಿ!

ಸಾಬರು ಹಿಂದಿನಿಂದ ಮೂರು ಸಲ ಕೂಗಿದರು, ತಿರುಗಲಿಲ್ಲ. ಕೊನೆಗೆ ಅವರೇ ಪೆಟ್ಟಿಗೆಗಳನ್ನೂ ಕ್ಯಾಸೆಟ್ಟನ್ನೂ ಸೈಕಲ್ಲಿಗೆ ಹೇರಿಕೊಂಡು ಬಂದು, ತಂತಿ ಸಿಕ್ಕಿಸಿದರು.

"ಎಡಕ್ಕೊಂದು, ಬಲಕ್ಕೊಂದು ಇರಲಿ ತಾಯಿ. ನಡುವೆ ಕೂತರೆ ಹಾಡೋರು ಎದುರಿಗೇ ಕೂತ ಹಾಗೆ ಕೇಳ್ತದೆ."

ಅವರು ಹೋದ ಮೇಲೆ ಕೆಂಪಾಜಮ್ಮ ಶುರುಮಾಡಿದಳು. "ದೊಡ್ಡವರು ಕೂಗಿದರೆ ಕಿವುಡನ ಹಾಗೆ ಬರೋದಾ? ದೊಡ್ಡವರು ಕೇಳಿದ್ದನ್ನ ಎರಡನೇ ಸಲ ಹೇಳಿಸ್ಕೋಬಾರದು. ತಕ್ಷಣ ಕೊಡಬೇಕು! ತಿಳೀತಾ?"

"ತಿಳೀತು, ಅವ್ವಾ. ತಕ್ಷಣ."

ಸೋಮವಾರ ಬಂತು. ಬಾಳೆಲೆ ಹಾಸಿ ಎಡೆ ಇಟ್ಟರು. ಅನ್ನ, ಹುರುಳಿ ಸಾರು, ಕಜ್ಜಾಯ, ಒಂದು ಚೊಂಬು ನೀರು.

"ನಿಮ್ಮಪ್ಪ ಬಂದು ಉಣ್ಣೋ ಹೊತ್ತು. ಸದ್ದು ಮಾಡಬೇಡ" ಅಂದು ಕ್ಯಾಸೆಟ್ ಹಾಕಿದಳು.

ದನಿ ಎಡದಿಂದಲೂ ಬರಲಿಲ್ಲ, ಬಲದಿಂದಲೂ ಬರಲಿಲ್ಲ. ನಡುವೆ, ಎಲೆಯ ಮುಂದಿನಿಂದಲೇ ಬಂತು. ಊದುಬತ್ತಿಯ ಹೊಗೆ ಅಲ್ಲೇ ಸುತ್ತಿ ಸುತ್ತಿ ಕೂತಿತು. ಅವ್ವನ ತುಟಿ ಹಾಡಿನ ಜೊತೆ ಅಲ್ಲಾಡುವುದನ್ನು ಬೋರಲಿಂಗ ನೋಡಿದ. ಅವ್ವ ಚಿಕ್ಕವಳಾದ ಹಾಗಿತ್ತು.

ಹಾಡಿನ ನಡುವೆ ಅಪ್ಪ ಕೆಮ್ಮಿದ. "ಗಂಟಲು ಒಣಗ್ತು. ಒಂದು ಗುಟುಕು ನೀರು ಕೊಡು" ಅಂದ.

ಅಪ್ಪ! ದೊಡ್ಡವನು! ತಕ್ಷಣ!

ಬೋರಲಿಂಗ ಚೊಂಬೆತ್ತಿದ. ಎಡಗಡೆ ಪೆಟ್ಟಿಗೆಗೆ ಬಾಯಿಯಂಥ ಒಂದು ದುಂಡು ತೂತು. ಅದಕ್ಕೆ ಗಟಗಟ ಸುರಿದ. ಪೆಟ್ಟಿಗೆ ಗೊರಕ್ ಅಂದು ಸುಮ್ಮನಾಯಿತು.

"ಅಯ್ಯೋ ಹಾಳಾದವನೇ!" ಕೆಂಪಾಜಮ್ಮ ಕೈಯೆತ್ತಿದಳು.

ಬಲಗಡೆ ಪೆಟ್ಟಿಗೆಯಿಂದ ಅಪ್ಪ ಅಂದ: "ಹಾ... ತಣ್ಣಗಾಯ್ತು ಕಣೆ, ಕೆಂಪಿ."

ಹಾಡನ್ನು ಕ್ಯಾಸೆಟ್ಟಿಗೆ ತುಂಬಿಸಿಕೊಂಡ ದಿನ ಆ ನೀರು ಕೊಟ್ಟವಳು ಅವಳೇ. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ಕಣ್ಣು ತುಂಬಿತು.

"ಕುಡಿದ, ಅವ್ವಾ!" ಬೋರಲಿಂಗನ ಮುಖ ಅರಳಿತು. "ಈ ಕಡೆ ಬಾಯಿಗೂ ಒಂದು ಚೊಂಬು ತರಲಾ?"

ಕೆಂಪಾಜಮ್ಮ ಬಲಗಡೆ ಪೆಟ್ಟಿಗೆಯನ್ನು ಎರಡೂ ತೋಳಲ್ಲಿ ಬಾಚಿ ತಬ್ಬಿಕೊಂಡಳು.

"ಬೇಡ ಕಂದಾ, ಬೇಡ! ನಿಮ್ಮಪ್ಪನಿಗೆ ಸಾಕಂತೆ!"

ಗವಿಯಪ್ಪನವರು ಇಲ್ಲಿಗೆ ಬತ್ತಿ ಕೆಳಗಿಡುತ್ತಿದ್ದರು. ಕೇಳಿದ ನೀವು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. ಊಟವಾದ ಮೇಲೆ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಸರ ಮಾಡದೆ, ಹೇಳಿ.