ನಿಂತ ಕಾರಿನ ಬ್ಯಾಟರಿ

ಚಿತ್ರದುರ್ಗದ ತಿಪ್ಪೇಸ್ವಾಮಿಯವರ ಕಾರು ಅಪರೂಪಕ್ಕೊಮ್ಮೆ ಹೊರಗೆ ಬರುತ್ತಿತ್ತು. ಅದರ ಬ್ಯಾಟರಿಗೆ ಅದೇ ಹೆಮ್ಮೆ. ಒಂದು ದಿನ ಅದು ಎದುರುಮನೆಯ ಟ್ಯಾಕ್ಸಿಯ ಬ್ಯಾಟರಿಗೆ ಹೇಳಿತು: “ನೀನು ದಿನವೂ ದುಡಿದು ಸವೆಯುತ್ತೀಯ. ನಾನು ನನ್ನ ಶಕ್ತಿಯನ್ನೆಲ್ಲ ಕಷ್ಟಕಾಲಕ್ಕೆಂದು ಉಳಿಸಿಕೊಂಡಿದ್ದೇನೆ.”

“ಕಾರು ನಿಂತಿದ್ದರೂ ಅದರ ಗಡಿಯಾರ, ಅಲಾರಂ ನಿನ್ನನ್ನು ಹೀರುತ್ತಲೇ ಇರುತ್ತವೆ ಅಣ್ಣಾ. ಓಡಿದರಷ್ಟೇ ಹೋದದ್ದು ಮರಳಿ ತುಂಬುತ್ತದೆ,” ಎಂದಿತು ಟ್ಯಾಕ್ಸಿಯ ಬ್ಯಾಟರಿ.

“ಅವು ಕುಡಿಯುವ ಗುಟುಕು ನನಗೆ ಯಾವ ಲೆಕ್ಕ?” ಎಂದು ಕಾರಿನ ಬ್ಯಾಟರಿ ಮಾತು ಮುಗಿಸಿತು.

ಶ್ರಾವಣದ ಒಂದು ಬೆಳಿಗ್ಗೆ ತಿಪ್ಪೇಸ್ವಾಮಿಯವರ ಮಗಳು ಅಂಬುಜಾಗೆ ಹೆರಿಗೆ ನೋವು ಶುರುವಾಯಿತು. ಅವರು ಅವಳನ್ನು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರು. ಬ್ಯಾಟರಿ ಇದ್ದಬದ್ದ ಬಲವನ್ನೆಲ್ಲ ಹಾಕಿತು. ಎಂಜಿನ್ ಅಲುಗಲಿಲ್ಲ.

“ಅಪ್ಪಾ, ತಡೆಯೋಕಾಗ್ತಿಲ್ಲ,” ಎಂದು ಅಂಬುಜಾ ನರಳಿದಳು. ಅವಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಟ್ಯಾಕ್ಸಿ. ಹೆಣ್ಣುಮಗು ಹುಟ್ಟಿತು.

ಸಂಜೆ ಟ್ಯಾಕ್ಸಿಯವನು ಎರಡೂ ಬ್ಯಾಟರಿಗಳಿಗೆ ವೈರು ಜೋಡಿಸಿದ. ಕಾರು ಸ್ಟಾರ್ಟ್ ಆಯಿತು.

“ನನಗೆ ಕೊಟ್ಟೆಯಲ್ಲ, ನಿನಗೆ ಕಡಿಮೆಯಾಗಲಿಲ್ಲವೇ?” ಎಂದು ಕಾರಿನ ಬ್ಯಾಟರಿ ಕೇಳಿತು.

“ಈಗ ಬಾಡಿಗೆಗೆ ಹೊರಟಿದ್ದೇವೆ. ದಾರಿಯಲ್ಲಿ ತುಂಬಿಕೊಳ್ಳುತ್ತೇನೆ.”

ಆ ಸಂಜೆಯಿಂದಲೇ ತಿಪ್ಪೇಸ್ವಾಮಿ ದಿನವೂ ಕಾರಿನಲ್ಲೇ ಆಸ್ಪತ್ರೆಗೆ ಹೋಗಿಬಂದರು. ಕೆಲವು ದಿನಗಳ ನಂತರ ಅಂಬುಜಾ ಮಗುವನ್ನೆತ್ತಿಕೊಂಡು ಬಂದು ಕೂತಾಗ, ಕೀಲಿ ತಿರುಗಿಸಿದ ಕೂಡಲೇ ಎಂಜಿನ್ ಶುರುವಾಯಿತು.