ದಾಸೋಹದ ಸಾಲಿನಾಗ ಕೂಗಿದ್ದು

ಮಠ ಅಂದ್ರ ದೊಡ್ಡ ಮಠ ಅಲ್ರಿ. ಎರಡು ಅಂಕಣದ ಮಣ್ಣಿನ ಮನಿ, ಮುಂದೊಂದು ಬೇವಿನ ಗಿಡ. ಪೂಜ್ಯ ಗದಿಗೆಯ್ಯ ಅಜ್ಜಾರು ಆ ಗಿಡದ ಬುಡಕ್ಕ ಕುಂತು ದಾಸೋಹದ ಊಟಕ್ಕ ಮುತ್ತಲ ಎಲಿ ಹಚ್ತಿದ್ರು. ಅವರು ಏಳೂತನಾ ಗಿಡದ ನೆರಳು ಸರೀತಿರಲಿಲ್ಲ. ನಾ ಕಣ್ಣಾರೆ ಕಂಡೀನಿ.

ಆವಾಗ ನಾ ಪಂಚಾಯ್ತಿ ಅಧ್ಯಕ್ಷ. ಅದಕ್ಕಿಂತ ಮೂರು ವರ್ಷದ ಹಿಂದ, ಜಾತ್ರಿ ಆಮಂತ್ರಣ ಪತ್ರಿಕೆಯೊಳಗ ತಮ್ಮ ಹೆಸರು ಎರಡನೇ ಸಾಲಿಗೆ ಇಳೀತು ಅಂತ ನಮ್ಮೂರ ಹಿರೇರು ಮುದ್ದನಗೌಡ್ರು ಅರ್ಧ ಊರಿನ ಕೂಡ ಮಾತು ಬಿಟ್ಟಿದ್ರು. ಅವತ್ತಿಂದ ನಾ ಭಾಷಣಕ್ಕ ನಿಂತ್ರ "ಎಲ್ಲಾರಿಗೂ ಶರಣು" ಅಂತ ಸುರು ಮಾಡಿ ಅಲ್ಲೇ ಮುಗಸ್ತಿದ್ದೆ.

ಅಂಥಾದ್ರಾಗ ಗೌಡ್ರ ಮುತ್ತ್ಯಾ ತೋಡಿಸಿದ್ದ ಬಾವಿ ನೀರು ಕೆಟ್ಟುಹೋತು. ಪರೀಕ್ಷೆಗೆ ಕಳಿಸಿದ್ವಿ. ಕುಡೀಬ್ಯಾಡ್ರಿ ಅಂತ ಕಾಗದ ಬಂತು, ನನ್ನ ಕೈಗೆ. ಹಂಗ ಅಂದ್ರ ಗೌಡ್ರ ಹಿರೇರನ್ನ ಬೈದಂಗ ಆದೀತಲ್ಲ! ಡಂಗುರದ ಮಾತು ತಿದ್ದಾಕ ಕುಂತೆ. "ನೀರು ಕೆಟ್ಟೈತಿ" ಹೋಗಿ "ನೀರು ಸ್ವಲ್ಪ ಬದಲಾಗೈತಿ" ಆತು. ಅದೂ ಖಾರ ಅನ್ನಿಸ್ತು. ನಾಲ್ಕು ದಿನ ತಿದ್ದಿದ ಮ್ಯಾಲೆ ಉಳಿದದ್ದು: "ನಮ್ಮೂರ ಬಾವಿಗಳು ನಮ್ಮ ಹೆಮ್ಮೆ." ಆ ನಾಲ್ಕೂ ದಿನ ಊರು ಅದ ನೀರು ಕುಡೀತು.

ಎರಡೂ ಕಾಗದ ಅಜ್ಜಾರ ಮುಂದ ಇಟ್ಟೆ. "ನಾ ಬರದದ್ದು ಓದ್ರಿ ಅಜ್ಜಾರ. ಯಾರಿಗೂ ನೋವಾಗೂದಿಲ್ಲಲ್ರಿ?"

ಓದಿದ್ರು. ನಕ್ಕರು. "ಊಟಕ್ಕ ಕುಂದ್ರಪಾ," ಅಂದ್ರು. ಆಮ್ಯಾಲೆ ಅಡಿಗಿ ಗಂಗಮ್ಮನ್ನ ಕರದು, ಗೌಡ್ರ ಬಾವಿ ನೀರ ತಂದು ಸಾಲಿಗೆ ಹಾಕು ಅಂತ ಹೇಳಿದ್ರು.

ಸಾಲಿನೊಳಗ ಇನ್ನೂರು ಮಂದಿ. ಇನ್ನೂರು ಯಾಕ, ಎರಡು ಸಾವಿರ ಅನ್ರಿ. ನನ್ನ ಎದುರಿಗೇ ಗೌಡ್ರು. ಅಜ್ಜಾರು ಮೊದಲ ಗುಟುಕು ಕುಡಿಯೂತನಾ ಯಾರೂ ಲೋಟ ಮುಟ್ಟಂಗಿಲ್ಲ. ಅವರು ಕುಡದ್ರ ಎಲ್ಲಾರೂ ಕುಡೀಬೇಕು. ಅದು ಮಠದ ಪದ್ಧತಿ. ಅಜ್ಜಾರು ಲೋಟ ಎತ್ತಿದ್ರು. ನನ್ನನ್ನ ನೋಡಿದ್ರು. ತುಟಿ ಹತ್ರ ಒಯ್ದರು.

"ಬ್ಯಾಡ್ರೀ ಅಜ್ಜಾರ! ನೀರು ಕೆಟ್ಟೈತ್ರೀ! ಯಾರೂ ಕುಡೀಬ್ಯಾಡ್ರೀ!"

ಆ ಕೂಗಿಗೆ ಮಠದ ಗಂಟಿ ತಾನ ಹೊಡಕೊಂತು. ಹರದಾರಿ ದೂರ ಮೇಯೂ ಎತ್ತು ಬೆದರಿ ಓಡಿದ್ವು.

ಅಜ್ಜಾರು ಲೋಟ ಕೆಳಗಿಟ್ಟರು. "ಡಂಗುರಕ್ಕ ಇಷ್ಟ ಸಾಕಾಗಿತ್ತಲ್ಲೋ ಯಮನಪ್ಪಾ."

ಗೌಡ್ರು ಎದ್ದು ನಿಂತ್ರು.

"ಯಾವಾಗಿಂದ ಗೊತ್ತಿತ್ತಲೇ ನಿನಗ?"

"ನಾಲ್ಕು ದಿನ ಆತ್ರಿ, ಗೌಡ್ರ."

"ಮೂರು ದಿನ ಆತು ನನ್ನ ಮೊಮ್ಮಗಳು ವಾಂತಿ-ಭೇದಿಗೆ ಮಲಗಿ! ಇದ ನೀರ ಆಕಿಗೆ ಕುಡಸಾಕತ್ತೀವಿ! ಬಾಯಿಗೆ ಏನಾಗಿತ್ತೋ?"

"ನಿಮಗ ಸಿಟ್ಟು ಬಂದೀತು ಅಂತ…"

ಅಜ್ಜಾರು ಗೌಡ್ರ ಕಡೆ ತಿರುಗಿದ್ರು. "ಹೆಸರಿನ ಸಾಲಿಗೆ ಮೂರು ವರ್ಷ ಮುಖ ತಿರುವಿದವ ನೀನು. ಇವ ಅಂಜದ ಏನ್ ಮಾಡ್ಯಾನು?"

ಗೌಡ್ರ ತಲಿ ತಗ್ಗಿತು. ಅಜ್ಜಾರು ಮಠದ ಬಾವಿಯ ನೀರು ಒಂದು ಕೊಡ ತಾವ ಎತ್ತಿ ಅವರ ಹೆಗಲಿಗಿಟ್ಟರು. "ಮೊದಲು ಕೂಸಿಗೆ ಇದನ್ನ ಕುಡಸು. ಹಂಗ ಡಾಕ್ಟರ್‌ನ ಕರಸು."

ಅವತ್ತು ಡಂಗುರ ನಾನ ಹೊಡದೆ. ಒಂದ ಮಾತು, ಓಣಿ ಓಣಿಗೆ. ಯಾರೂ ಸಿಟ್ಟಾಗಲಿಲ್ಲ. ಸಂಜಿಗೆ ಬಾವಿ ಕೊಳೆ ತಗ್ಯಾಕ ಮೊದಲು ಇಳಿದವರು ಗೌಡ್ರ.

ಆ ಕೂಸು ಬದುಕ್ತು. ಈಗ ಎರಡು ಮಕ್ಕಳ ತಾಯಿ. ಆಕಿ ಮನಿ ಮುಂದ ಹಾದ್ರ, "ಮುತ್ತ್ಯಾ, ಬರ್ರಿ," ಅಂತ ಒಂದು ಲೋಟ ನೀರು ಕೊಡ್ತಾಳ. ಅಜ್ಜಾರನ್ನ ನೆನೆದು, ಎರಡೂ ಕೈಲೆ ಇಸಕೊಂಡು ಕುಡೀತೀನಿ.