ಕಾಯಿ ಆಡುವ ಮಾತು

"ಗುರುಗಳೇ, ಮೊದಲೆಲ್ಲ ನಿಮ್ಮ ಒಂದು ಮಾತು ಕೇಳಿದರೆ ಇಡೀ ದಿನ ಮನಸ್ಸು ತುಂಬಿರುತ್ತಿತ್ತು. ಈಗ ದಿನವೆಲ್ಲ ಕೇಳಿದರೂ ಏನೂ ನಾಟುವುದಿಲ್ಲ. ಒಂದೊಂದು ಮಾತನ್ನೂ ಕೆದಕಿ ಕೆದಕಿ ನೋಡುತ್ತೇನೆ, ತಪ್ಪಿದ್ದರೆ ಹೆಕ್ಕಿ ತೆಗೆಯುತ್ತೇನೆ. ಆದರೂ ಇಲ್ಲ. ನಿಮ್ಮ ಮಾತೇ ಮೊದಲಿನಂತಿಲ್ಲವೇ?" ಎಂದು ಶಿಷ್ಯ ಕೇಳಿದ. ಮಠ ಬಿಟ್ಟು ಹೋಗಲು ಬಟ್ಟೆಯ ಗಂಟು ಕಟ್ಟಿ ಪಕ್ಕದಲ್ಲೇ ಇಟ್ಟುಕೊಂಡಿದ್ದ.

ಗುರುಗಳು ಗಂಟನ್ನು ನೋಡಿದರು. "ಹೊರಡುವವನಿಗೆ ಅಷ್ಟೇನೂ ಅವಸರವಿಲ್ಲದಿದ್ದರೆ ಒಂದು ಕತೆ ಕೇಳು" ಎಂದರು.

ತೆಂಗಿನ ತೋಟದ ರೈತನೊಬ್ಬನಿದ್ದ. ಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ ಕೊಬ್ಬರಿ ಮಾಡುತ್ತಿದ್ದ. ಒಡೆಯುವ ಮೊದಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಟಣಟಣ ಎಂದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಹೊರಬರಲು ಹದವಾಗಿದೆ. ಮಂಕಾಗಿ ದಬದಬ ಎಂದರೆ ಕೆಟ್ಟಿದೆ. ಇದನ್ನು ಕಲಿಸಿದವನು ಅವನ ಅಪ್ಪ. ಮಗನನ್ನು ಅಟ್ಟದ ಮೇಲೆ ಕೂರಿಸಿಕೊಂಡು, ಕಾಯಿ ಅಲ್ಲಾಡಿಸಿ, "ಏನಂತೈತೆ ಮಗ?" ಎಂದು ಕೇಳುತ್ತಿದ್ದ. "ಬರ್ತೀನಿ ಅಂತೈತಪ್ಪ" ಎಂದು ಮಗ ಹೇಳಿದರೆ ಆ ಕಾಯಿಯ ಮೊದಲ ತುಂಡು ಅವನಿಗೇ ಸಿಗುತ್ತಿತ್ತು. ಅಪ್ಪ ತೀರಿಹೋದ ಮೇಲೆ ಆ ದಿನಗಳನ್ನು ನೆನೆದಾಗಲೆಲ್ಲ ರೈತನಿಗೆ ಸಂಕಟವಾಗುತ್ತಿತ್ತು.

ತನ್ನ ಕಿವಿಯ ಬಗ್ಗೆ ಅವನಿಗೆ ಬಹಳ ಹೆಮ್ಮೆ. ದಿನವೂ ಸ್ನಾನವಾದ ಮೇಲೆ ತೆಂಗಿನ ಗರಿಯ ಕಡ್ಡಿಗೆ ಬಟ್ಟೆ ಸುತ್ತಿ ಕಿವಿಯ ಗುಗ್ಗೆ ತೆಗೆಯುತ್ತಿದ್ದ. ಅಷ್ಟು ಚೊಕ್ಕಟ ಮನುಷ್ಯ.

ಒಂದು ವರ್ಷ ಯಾವ ಕಾಯಿ ಅಲ್ಲಾಡಿಸಿದರೂ ಮಂಕು ಸದ್ದೇ ಬಂತು. ಅವನು ಎಲ್ಲವನ್ನೂ ತಿಪ್ಪೆಗೆ ಹಾಕಿಸಿದ. ಆಗ ಹೆಂಡತಿಯ ಮಾತೂ ಅವನಿಗೆ ಸರಿಯಾಗಿ ಕೇಳುತ್ತಿರಲಿಲ್ಲ. ಆದರೆ ಅದರಿಂದ ಯಾವ ಗಂಡನಿಗೆ ಅನುಮಾನ ಬರುತ್ತದೆ? "ಅಪ್ಪನ ಕಾಲದ ಕಾಯಿ ಮಾತಾಡ್ತಿದ್ವು. ಮರಗಳಿಗೆ ವಯಸ್ಸಾಯ್ತು, ಇನ್ನು ಕಡಿಸಿಬಿಡ್ತೀನಿ" ಎಂದ. ಅಪ್ಪ ನೆಟ್ಟ ಮರಗಳು. ಹೇಳುವಾಗ ಅವನ ಕಣ್ಣು ತುಂಬಿತ್ತು. ಆದರೂ ಕೊಡಲಿಯವರನ್ನು ಕರೆಸಿದ.

ಕೊಡಲಿಯವರು ಬಂದು ನಿಂತಾಗ ಹೆಂಡತಿ ತಿಪ್ಪೆಯಿಂದ ಒಂದು ಕಾಯಿ ಎತ್ತಿ ತಂದು ಒಡೆದಳು. ಗಂಡನ ಬಾಯಿಗೆ ಒಂದು ತುಂಡಿಟ್ಟಳು. ಅವನು ಅಗಿದ. ಅದೇ ರುಚಿ. ಚಿಕ್ಕಂದಿನಲ್ಲಿ ಅಪ್ಪ ಕೊಡುತ್ತಿದ್ದ ಮೊದಲ ತುಂಡಿನ ರುಚಿ. ಕೊಡಲಿಯವರನ್ನು ಅವಳೇ ವಾಪಸ್ಸು ಕಳಿಸಿದಳು. ಗಂಡನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದಳು.

ವೈದ್ಯರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಗುಗ್ಗೆ ಕೊಳೆಯಲ್ಲಪ್ಪ, ಕಿವಿಯ ಕಾವಲು. ಹೆಚ್ಚಾದದ್ದು ತಾನಾಗಿ ಹೊರಗೆ ಬರುತ್ತೆ. ನೀನು ತೆಗೀತೀನಿ ಅಂದುಕೊಂಡು ದಿನಾ ಒಳಕ್ಕೆ ತಳ್ಳಿದ್ದೀಯ" ಎಂದರು. ಕಿವಿಯ ತಮಟೆಗೆ ತೂತಿಲ್ಲ, ಕೀವಿಲ್ಲ ಎಂದು ಖಾತ್ರಿಯಾದ ಮೇಲೆ, ಕೆಲವು ದಿನ ಉಗುರು ಬೆಚ್ಚಗಿನ ಕೊಬ್ಬರಿ ಎಣ್ಣೆಯ ಹನಿ ಬಿಡಲು ಹೇಳಿದರು. ಕಿವಿಯನ್ನು ಕೆಡಿಸಿದ ಕಡ್ಡಿಯೂ ಆ ಮರದ್ದೇ, ಅದಕ್ಕೆ ಮದ್ದಾದ ಎಣ್ಣೆಯೂ ಆ ಮರದ್ದೇ. ಗುಗ್ಗೆ ಮೆತ್ತಗಾದ ಮೇಲೆ ವೈದ್ಯರೇ ಬೆಚ್ಚನೆಯ ನೀರು ಹಾಯಿಸಿ ತೆಗೆದರು.

ರೈತ ಮನೆಗೆ ಬಂದವನೇ ಅಟ್ಟ ಹತ್ತಿದ. ತಿಪ್ಪೆಗೆ ಹೋಗದೆ ಮೂಲೆಯಲ್ಲಿ ಉಳಿದಿದ್ದ ಒಂದು ಕಾಯಿಯನ್ನು ಅಲ್ಲಾಡಿಸಿದ. ಟಣಟಣ ಎಂದಿತು. ಅಪ್ಪ ಪಕ್ಕದಲ್ಲೇ ಕೂತು "ಏನಂತೈತೆ ಮಗ?" ಎಂದು ಕೇಳಿದ ಹಾಗಾಯಿತು. "ಬರ್ತೀನಿ ಅಂತೈತಪ್ಪ" ಎಂದು ಒಬ್ಬನೇ ಹೇಳಿ, ಆ ವಯಸ್ಸಿನಲ್ಲೂ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ, "ಆ ಮರಗಳು ಉಳಿದುಕೊಂಡವೇ?" ಎಂದು ಕೇಳಿದ.

"ಮರಗಳು ಉಳಿದವು. ನೀನು ಗಂಟು ಕಟ್ಟಿದ್ದೀಯಲ್ಲ, ಅದರಲ್ಲಿ ಆ ಕೆದಕುವ ಕಡ್ಡಿಯನ್ನೂ ಇಟ್ಟುಕೊಂಡಿದ್ದೀಯಾ?"